ಅಮೆರಿಕದಲ್ಲಿ ಅಂಗವೈಕಲ್ಯದ ಹಕ್ಕು: ಬರೆದು ಕೇಳುವ ಬಗೆ

ನಮ್ಮ ಊರುಗಳಲ್ಲಿ ಅಂಗವೈಕಲ್ಯವೆಂದರೆ ಮೊದಲು ನೆನಪಾಗುವುದು ಪ್ರಮಾಣಪತ್ರ. ವೈದ್ಯಕೀಯ ಮಂಡಳಿಯ ಮುಂದೆ ಕುಳಿತು, ಶೇಕಡಾ 40 ದಾಟಿದೆಯೆಂದು ಬರೆಸಿಕೊಂಡು, ಯುಡಿಐಡಿ ಕಾರ್ಡು ಕೈಗೆ ಬಂದ ಮೇಲೆ ಬಸ್ ಪಾಸಿನಿಂದ ಹಿಡಿದು ಮೀಸಲಾತಿಯವರೆಗೆ ಒಂದೊಂದೇ ಬಾಗಿಲು ತೆರೆಯುತ್ತದೆ. ಈ ರೂಢಿಯಲ್ಲಿ ಬೆಳೆದು ಅಮೆರಿಕಕ್ಕೆ ಬಂದವರು ಸಹಜವಾಗಿಯೇ ಕೇಳುತ್ತಾರೆ: ಇಲ್ಲಿ ಆ ಕಾರ್ಡು ಎಲ್ಲಿ ಮಾಡಿಸಬೇಕು? ಎಲ್ಲಿಯೂ ಇಲ್ಲ. ಇಲ್ಲಿನ ಫೆಡರಲ್ ಹಕ್ಕಿನ ಕಾನೂನುಗಳಲ್ಲಿ ಶೇಕಡಾವಾರು ಲೆಕ್ಕವೂ ಇಲ್ಲ, ದೇಶಕ್ಕೆಲ್ಲ ಒಂದೇ ಎನ್ನುವ ಗುರುತಿನ ಚೀಟಿಯೂ ಇಲ್ಲ. ಕಾರಿನ ಕನ್ನಡಿಗೆ ತೂಗುಹಾಕುವ ನೀಲಿ ಚೀಟಿಯನ್ನು ರಾಜ್ಯಗಳು ಕೊಡುತ್ತವೆ, ಅದರ ಕೆಲಸ ವಾಹನ ನಿಲ್ಲಿಸುವ ಜಾಗಕ್ಕೇ ಮುಗಿಯುತ್ತದೆ.

ಶಾಲೆಯಲ್ಲಿ ಬೇಕಾದದ್ದನ್ನು ಶಾಲೆಯಲ್ಲಿ, ಕಚೇರಿಯಲ್ಲಿ ಬೇಕಾದದ್ದನ್ನು ಕಚೇರಿಯಲ್ಲಿ, ಬಾಡಿಗೆ ಮನೆಯಲ್ಲಿ ಬೇಕಾದದ್ದನ್ನು ಮಾಲೀಕನಲ್ಲಿ, ಬೇರೆ ಬೇರೆಯಾಗಿ ಕೇಳಿ ಪಡೆಯುವುದು ಇಲ್ಲಿನ ಕ್ರಮ. ಕೇಳಿದ ದಿನದಿಂದಲೇ ಹಲವು ಗಡುವುಗಳ ಗಡಿಯಾರ ಓಡತೊಡಗುತ್ತದೆ. ಬಾಯಿಮಾತಿನಲ್ಲಿ ಕೇಳಿದ್ದಕ್ಕೂ ಕಾನೂನಿನ ಬಲವಿರುವ ಸಂದರ್ಭಗಳಿವೆ, ಆದರೆ ಆರು ತಿಂಗಳ ನಂತರ ಆ ಮಾತು ನಡೆದೇ ಇಲ್ಲವೆಂದು ಎದುರಿನವರು ಹೇಳಿದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಕನ್ನಡದ ಮನೆಗಳಲ್ಲಿ ಇದಕ್ಕೆ ಅಡ್ಡ ಬರುವುದು ಇಂಗ್ಲಿಷಿಗಿಂತ ಹೆಚ್ಚಾಗಿ ದಾಕ್ಷಿಣ್ಯ. ಟೀಚರು ಒಳ್ಳೆಯವರು, ಮ್ಯಾನೇಜರು ನಗುತ್ತಲೇ ಮಾತನಾಡುತ್ತಾರೆ, ಅವರಿಗೆ ಪತ್ರ ಬರೆದರೆ ದೂರು ಕೊಟ್ಟಂತಾಗುವುದಿಲ್ಲವೇ ಎಂಬ ಸಂಕೋಚ. ಇಲ್ಲಿನವರು ಇಂಥ ಪತ್ರವನ್ನು ಹಾಗೆ ಓದುವುದಿಲ್ಲ. ಅದು ಅವರ ಕಡತಕ್ಕೆ ಬೇಕಾದ ಕಾಗದ, ಅಷ್ಟೇ.

ಯಾರಿಗೆ ಈ ಹಕ್ಕು

1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಸಹಿ ಹಾಕಿದ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್, ಅಂದರೆ ಎಡಿಎ, ಈ ಕಾನೂನುಗಳಲ್ಲಿ ಹೆಸರಾದದ್ದು. ಅದರ ಹೆಸರಿನಲ್ಲಿ ಅಮೆರಿಕನ್ನರೆಂಬ ಪದವಿದ್ದರೂ ರಕ್ಷಣೆಗೆ ಪೌರತ್ವದ ಷರತ್ತಿಲ್ಲ. ಎಚ್-1ಬಿ ಉದ್ಯೋಗ ವೀಸಾದಲ್ಲಿ ದುಡಿಯುವವರು, ಅವರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದ ಮಗು, ಆರು ತಿಂಗಳಿಗೆಂದು ಬಂದಿರುವ ಅಜ್ಜಿ, ಎಲ್ಲರೂ ಇದರ ವ್ಯಾಪ್ತಿಯಲ್ಲಿದ್ದಾರೆ. ಎಸ್‌ಎಸ್‌ಐನಂತಹ ಮಾಸಿಕ ನೆರವಿನ ಹಣದ ಯೋಜನೆಗಳು ಬೇರೆ. ಅವುಗಳಿಗೆ ಪೌರತ್ವ ಮತ್ತು ವಲಸೆ ಸ್ಥಿತಿಯ ಬಿಗಿಯಾದ ನಿಯಮಗಳಿವೆ. ಈ ಎರಡನ್ನೂ ಒಂದೇ ಎಂದುಕೊಂಡು, ತಮಗೆ ಯಾವ ಹಕ್ಕೂ ಇಲ್ಲವೆಂದು ಸುಮ್ಮನಾದ ಕುಟುಂಬಗಳು ಕಡಿಮೆಯೇನಿಲ್ಲ.

ದೈಹಿಕ ಅಥವಾ ಮಾನಸಿಕ ತೊಂದರೆಯೊಂದು ನಡೆಯುವುದು, ನೋಡುವುದು, ಕೇಳುವುದು, ಓದುವುದು, ಗಮನವಿಡುವುದು, ಉಸಿರಾಡುವುದು ಮುಂತಾದ ಮುಖ್ಯ ಜೀವನಕ್ರಿಯೆಯನ್ನು ಗಣನೀಯವಾಗಿ ಕುಗ್ಗಿಸಿದರೆ ಅದು ಈ ಕಾನೂನಿನ ಪ್ರಕಾರ ಅಂಗವೈಕಲ್ಯ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಈ ವ್ಯಾಖ್ಯೆಯನ್ನು ತೀರ ಕಿರಿದಾಗಿಸಿದ್ದರಿಂದ ಅಲ್ಲಿನ ಸಂಸತ್ತಾದ ಕಾಂಗ್ರೆಸ್ 2008ರಲ್ಲಿ ತಿದ್ದುಪಡಿ ತಂದಿತು. ಈಗ ಔಷಧಿ, ಶ್ರವಣಯಂತ್ರ, ಇನ್ಸುಲಿನ್‌ಗಳ ನೆರವಿಲ್ಲದಿದ್ದರೆ ಸ್ಥಿತಿ ಹೇಗಿರುತ್ತಿತ್ತು ಎಂಬುದನ್ನು ನೋಡಬೇಕು. ಸಾಮಾನ್ಯ ಕನ್ನಡಕಕ್ಕೆ ಮಾತ್ರ ಈ ರಿಯಾಯಿತಿಯಿಲ್ಲ. ಹೀಗಾಗಿ ಮಧುಮೇಹ, ಅಪಸ್ಮಾರ, ತೀವ್ರ ಖಿನ್ನತೆ, ಸದ್ಯಕ್ಕೆ ಶಮನಗೊಂಡಿರುವ ಕ್ಯಾನ್ಸರ್ ಕೂಡ ಇದರೊಳಗೆ ಬರುತ್ತವೆ. ನಮ್ಮಲ್ಲಿ ಅಂಗವಿಕಲ ಎಂದ ಕೂಡಲೇ ಕಣ್ಣಿಗೆ ಕಟ್ಟುವ ಊರುಗೋಲಿನ ಚಿತ್ರವನ್ನು ಬದಿಗಿಟ್ಟು ಈ ವ್ಯಾಖ್ಯೆಯನ್ನು ಓದಬೇಕು.

ಶಾಲೆ

ಹೆಚ್ಚಿನ ಕನ್ನಡದ ಕುಟುಂಬಗಳು ಈ ಕಾನೂನುಗಳನ್ನು ಮೊದಲು ಕಾಣುವುದು ಮಗುವಿನ ಶಾಲೆಯಲ್ಲಿ. ಇಲ್ಲಿ ಎರಡು ಕಾನೂನುಗಳಿವೆ. 1975ರಲ್ಲಿ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ, ಇಂದು ಐಡಿಇಎ ಎಂದು ಕರೆಯಲಾಗುವ ಕಾನೂನು, 3ರಿಂದ 21 ವರ್ಷದ ಅಂಗವಿಕಲ ಮಕ್ಕಳಿಗೆ ಅವರವರ ಅಗತ್ಯಕ್ಕೆ ತಕ್ಕ ವಿಶೇಷ ಶಿಕ್ಷಣವನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಅದರ ಫಲವಾಗಿ ಕೈಗೆ ಬರುವ ದಾಖಲೆಯೇ ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ. ಎರಡನೆಯದು 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504; ಫೆಡರಲ್ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆನ್ನುವುದು ಅದರ ತಿರುಳು. ಅದಕ್ಕೆ ನಿಯಮಾವಳಿ ಹೊರಡಿಸದೆ ಸರ್ಕಾರ ನಾಲ್ಕು ವರ್ಷ ಎಳೆದಾಗ, 1977ರ ಏಪ್ರಿಲ್‌ನಲ್ಲಿ ಜೂಡಿತ್ ಹ್ಯೂಮನ್ ಮೊದಲಾದವರ ಮುಂದಾಳತ್ವದಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡದೊಳಗೆ ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕುಳಿತು ಸಹಿ ಹಾಕಿಸಿದರು. ಓದಿನಲ್ಲಿ ಮುಂದಿದ್ದರೂ ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ, ಮಧುಮೇಹ ಅಥವಾ ತೀವ್ರ ಆಹಾರ ಅಲರ್ಜಿಯಿರುವ, ವಿಶೇಷ ಶಿಕ್ಷಣ ಬೇಡದ ಮಗುವಿಗೆ ಸಾಮಾನ್ಯವಾಗಿ, ಶಾಲೆಯಲ್ಲಿ ಬೇಕಾದ ಹೊಂದಾಣಿಕೆಗಳನ್ನು ಬರೆದಿಡುವ 504 ಯೋಜನೆ ಹೊಂದುತ್ತದೆ.

ಮೊದಲ ಹೆಜ್ಜೆ ಮೌಲ್ಯಮಾಪನಕ್ಕೆ ಕೋರಿಕೆ. ಖಾಸಗಿ ವೈದ್ಯರ ರೋಗನಿರ್ಣಯವನ್ನು ಮೊದಲು ಮಾಡಿಸಿಕೊಂಡು ಬನ್ನಿ ಎಂದು ಯಾರಾದರೂ ಹೇಳಿದರೆ ಅದಕ್ಕಾಗಿ ಕಾಯಬೇಕಿಲ್ಲ. ಶಂಕೆಯಿದ್ದಾಗ ಖರ್ಚಿಲ್ಲದೆ ಪರೀಕ್ಷಿಸುವ ಹೊಣೆ ಶಾಲಾ ಜಿಲ್ಲೆಯದು, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದ್ದು. ಪ್ರಾಂಶುಪಾಲರಿಗೂ ವಿಶೇಷ ಶಿಕ್ಷಣ ವಿಭಾಗದ ನಿರ್ದೇಶಕರಿಗೂ ಇಮೇಲ್ ಕಳುಹಿಸಿ. ಬರೆಯುವುದು ಇಂಗ್ಲಿಷಿನಲ್ಲಾದರೂ ಹುರುಳು ಇಷ್ಟು ಇದ್ದರೆ ಸಾಕು:

"ನನ್ನ ಮಗ ನಿಮ್ಮ ಶಾಲೆಯ ಎರಡನೆಯ ತರಗತಿಯಲ್ಲಿದ್ದಾನೆ. ಅಕ್ಷರಗಳನ್ನು ಗುರುತಿಸುತ್ತಾನೆ, ಆದರೆ ಮೂರಕ್ಷರದ ಪದಗಳನ್ನೂ ಕೂಡಿಸಿ ಓದಲಾರ. ಸೆಪ್ಟೆಂಬರಿನಿಂದ ವಾರಕ್ಕೆರಡು ಬಾರಿ ಹೆಚ್ಚುವರಿ ಪಾಠ ನಡೆದರೂ ಸುಧಾರಣೆ ಕಂಡಿಲ್ಲ. ಐಡಿಇಎ ಮತ್ತು ಸೆಕ್ಷನ್ 504ರ ಅಡಿಯಲ್ಲಿ, ಶಂಕೆಯಿರುವ ಎಲ್ಲ ವಿಷಯಗಳಲ್ಲೂ ಅವನ ಪೂರ್ಣ ಮೌಲ್ಯಮಾಪನ ನಡೆಸಬೇಕೆಂದು ಕೋರುತ್ತೇನೆ. ಅವನ ಮನೆಮಾತು ಕನ್ನಡ. ನನ್ನ ಒಪ್ಪಿಗೆಗೆ ಬೇಕಾದ ನಮೂನೆಯನ್ನು ಕಳುಹಿಸಿ; ನಿರಾಕರಿಸುವುದಾದರೆ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ನಿರಾಕರಣೆಗೆ ಲಿಖಿತ ಸೂಚನೆ ಕೊಡುವುದು ಶಾಲೆಯ ಕಾನೂನುಬದ್ಧ ಕರ್ತವ್ಯ, ಮತ್ತು ಕಾರಣವನ್ನು ಕಾಗದದ ಮೇಲೆ ಬರೆಯಬೇಕಾಗಿ ಬಂದಾಗ ದುರ್ಬಲ ಕಾರಣಗಳು ತಾವಾಗಿಯೇ ಕರಗುತ್ತವೆ. ಇನ್ನೂ ಸ್ವಲ್ಪ ದಿನ ಹೆಚ್ಚುವರಿ ಪಾಠ ಮಾಡಿ ನೋಡೋಣ ಎಂಬ ಉತ್ತರ ತೀರ ಸಾಮಾನ್ಯ. ಅಂತಹ ಪಾಠಕ್ರಮಗಳನ್ನು ಮೌಲ್ಯಮಾಪನ ಮುಂದೂಡಲು ನೆಪವಾಗಿಸಬಾರದೆಂದು ಫೆಡರಲ್ ಶಿಕ್ಷಣ ಇಲಾಖೆ 2011ರಲ್ಲೇ ಸ್ಪಷ್ಟಪಡಿಸಿದೆ. ನೀವು ಒಪ್ಪಿಗೆಗೆ ಸಹಿ ಹಾಕಿದ ದಿನದಿಂದ 60 ದಿನಗಳೊಳಗೆ ಪರೀಕ್ಷೆ ಮುಗಿಯಬೇಕು, ರಾಜ್ಯ ತನ್ನದೇ ಗಡುವು ಇಟ್ಟಿದ್ದರೆ ಅದು ಅನ್ವಯಿಸುತ್ತದೆ. ಟೆಕ್ಸಾಸ್‌ನಲ್ಲಿ ಅದು ಸಾಮಾನ್ಯವಾಗಿ 45 ಶಾಲಾ ದಿನಗಳು. ಮೂರು ವರ್ಷದೊಳಗಿನ ಕೂಸಿಗೆ ದಾರಿ ಬೇರೆ: ರಾಜ್ಯದ ಆರಂಭಿಕ ನೆರವಿನ ಕಾರ್ಯಕ್ರಮಕ್ಕೆ ತಾಯಿತಂದೆಯರೇ ನೇರವಾಗಿ ಕರೆ ಮಾಡಬಹುದು, ಅಲ್ಲಿಂದ 45 ದಿನಗಳೊಳಗೆ ಯೋಜನೆಯ ಮೊದಲ ಸಭೆ ನಡೆಯಬೇಕು.

ಮನೆಮಾತು ಕನ್ನಡವೆಂದು ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ನಾಲ್ಕು ವರ್ಷದ ಹುಡುಗಿಯ ಮುಂದೆ ಪರೀಕ್ಷಕರು ಲೋಟದ ಚಿತ್ರ ಹಿಡಿಯುತ್ತಾರೆ. ಅವಳು "ನೀರು" ಎನ್ನುತ್ತಾಳೆ. ಹಾಳೆಯ ಮೇಲೆ ಉತ್ತರವಿಲ್ಲವೆಂಬ ಗುರುತು ಬೀಳುತ್ತದೆ. ಮುಂದಿನ ಚಿತ್ರಕ್ಕೆ "ಗುಬ್ಬಿ" ಎನ್ನುತ್ತಾಳೆ, ಅದಕ್ಕೂ ಅದೇ ಗುರುತು. ಹೀಗಾಗದಿರಲೆಂದೇ ಐಡಿಇಎ, ಸಾಧ್ಯವಿರುವಷ್ಟರ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಪರೀಕ್ಷೆ ನಡೆಸಬೇಕೆಂದೂ, ಇಂಗ್ಲಿಷಿನ ಕೊರತೆಯೇ ಮುಖ್ಯ ಕಾರಣವಾಗಿದ್ದರೆ ಮಗುವನ್ನು ಅಂಗವಿಕಲವೆಂದು ನಿರ್ಧರಿಸಬಾರದೆಂದೂ ಹೇಳುತ್ತದೆ. ಇದರ ಮಗ್ಗುಲಲ್ಲೇ ಇನ್ನೊಂದು ತಪ್ಪಿದೆ: ಮಗು ಕನ್ನಡದಲ್ಲಿಯೂ ಎರಡು ಪದ ಕೂಡಿಸದಿದ್ದಾಗ, ಮನೆಯಲ್ಲಿ ಎರಡು ಭಾಷೆಯಿರುವುದರಿಂದ ಮಾತು ತಡವಾಗಿದೆಯೆಂದು ಸಮಾಧಾನ ಹೇಳಿ ಕಳುಹಿಸುವುದು. ಎರಡು ಭಾಷೆಗಳ ಪರಿಸರ ಮಾತಿನ ತೊಂದರೆಯನ್ನು ಹುಟ್ಟಿಸುವುದಿಲ್ಲವೆಂಬುದು ವಾಕ್ ಮತ್ತು ಭಾಷಾ ತಜ್ಞರ ಒಪ್ಪಿತ ನಿಲುವು. ಆದ್ದರಿಂದ ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂಬ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ. ಅಜ್ಜಿಯೊಡನೆ ಮಾತು ನಿಂತ ಮಗುವಿಗೆ ಇಂಗ್ಲಿಷ್ ಅದರಿಂದಲೇ ಬೇಗ ಬರುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೊದಲು ಪರೀಕ್ಷೆ ಆಗಿದ್ದರೆ ಆ ವರದಿಯನ್ನು ಜೊತೆಗೆ ಕೊಡಿ. ತಂದೆತಾಯಿ ಒದಗಿಸಿದ ಮಾಹಿತಿಯನ್ನು ಶಾಲೆ ಪರಿಗಣಿಸಲೇಬೇಕು, ಒಪ್ಪಲೇಬೇಕೆಂದಿಲ್ಲ. ಆದರೂ ಮಗುವಿನ ಕನ್ನಡ ಎಷ್ಟಿತ್ತೆಂದು ಇಲ್ಲಿನವರಿಗೆ ತಿಳಿಸಬಲ್ಲ ದಾಖಲೆ ಬಹುಶಃ ಅದೊಂದೇ.

ಐಇಪಿ ಸಭೆಯಲ್ಲಿ ನಿಮ್ಮೆದುರು ಐದಾರು ಜನ ಕುಳಿತಿರುತ್ತಾರೆ: ತರಗತಿಯ ಶಿಕ್ಷಕಿ, ವಿಶೇಷ ಶಿಕ್ಷಕಿ, ಮನಶ್ಶಾಸ್ತ್ರಜ್ಞರು, ಜಿಲ್ಲೆಯ ಪ್ರತಿನಿಧಿ. ಕಾನೂನಿನ ಪ್ರಕಾರ ನೀವೂ ಆ ತಂಡದ ಸದಸ್ಯರು, ಹೊರಗಿನಿಂದ ಬಂದ ಅತಿಥಿಗಳಲ್ಲ. ಕರಡನ್ನು ಮೂರ್ನಾಲ್ಕು ದಿನ ಮೊದಲೇ ಕಳುಹಿಸಲು ಕೇಳಿ. ಇಂಗ್ಲಿಷಿನಲ್ಲಿ ನಡೆಯುವ ಸಭೆ ಅರ್ಥವಾಗದಿದ್ದರೆ ದುಭಾಷಿಯನ್ನು ಒದಗಿಸುವುದು ಶಾಲೆಯ ಹೊಣೆ. ಬಹಳ ಸಲ ಇದು ಬೇಕಾಗುವುದು ತಾಯಿಗೆ, ಆದರೆ ತಂದೆಗೆ ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ ಯಾರೂ ಕೇಳುವುದೇ ಇಲ್ಲ. ಗುರಿಗಳನ್ನು ಓದುವಾಗ ಅಳತೆ ಇದೆಯೇ ನೋಡಿ. "ಓದುವಿಕೆ ಸುಧಾರಿಸುವುದು" ಗುರಿಯಲ್ಲ. ಇಂಥ ತಿಂಗಳ ಹೊತ್ತಿಗೆ ನಿಮಿಷಕ್ಕೆ ಇಷ್ಟು ಪದಗಳನ್ನು ತಪ್ಪಿಲ್ಲದೆ ಓದುವುದು ಗುರಿ. ವಾಕ್‌ಚಿಕಿತ್ಸೆ ವಾರಕ್ಕೆ ಎಷ್ಟು ನಿಮಿಷ, ಒಬ್ಬನಿಗೋ ಗುಂಪಿಗೋ, ತರಗತಿಯ ಒಳಗೋ ಹೊರಗೋ, ಎಲ್ಲವೂ ಅಂಕಿಯಲ್ಲಿ ಇರಬೇಕು. ಮಗುವಿಗೆ ನೆಪಮಾತ್ರದ ಪ್ರಗತಿಯಾದರೆ ಸಾಕೆಂಬ ವಾದವನ್ನು ಸುಪ್ರೀಂ ಕೋರ್ಟ್ 2017ರ ಎಂಡ್ರೂ ಎಫ್. ಪ್ರಕರಣದಲ್ಲಿ ಅವಿರೋಧವಾಗಿ ತಳ್ಳಿಹಾಕಿದೆ. ಸಭೆಯ ಕೊನೆಗೆ ಸಹಿಗೆಂದು ಹಾಳೆ ಮುಂದೆ ಬರುತ್ತದೆ. ಹಾಜರಾತಿಗೆ ಸಹಿ ಹಾಕಿ, ಒಪ್ಪಿಗೆಯ ಸಹಿಗೆ ಮನೆಗೆ ಒಯ್ದು ಓದಿ ಬರುವುದಾಗಿ ಹೇಳಿ. ಅಂದೇ ಹಾಕಬೇಕೆಂಬ ನಿಯಮವಿಲ್ಲ.

ಶಾಲೆಯ ಪರೀಕ್ಷೆಯ ಫಲಿತಾಂಶ ಒಪ್ಪಿಗೆಯಾಗದಿದ್ದರೆ ಸರ್ಕಾರಿ ಖರ್ಚಿನಲ್ಲಿ ಸ್ವತಂತ್ರ ಮೌಲ್ಯಮಾಪನ ಕೇಳಬಹುದು. ಆಗ ಜಿಲ್ಲೆ ಒಂದೋ ಅದರ ವೆಚ್ಚ ಭರಿಸಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿಯೆಂದು ವಿಚಾರಣಾಧಿಕಾರಿಯ ಮುಂದೆ ಸಾಧಿಸಬೇಕು. ಯೋಜನೆಯ ಬಗ್ಗೆಯೇ ತಕರಾರಿದ್ದರೆ ರಾಜ್ಯ ಶಿಕ್ಷಣ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬಹುದು, 60 ದಿನಗಳಲ್ಲಿ ತೀರ್ಮಾನ ಬರಬೇಕು. ಅಥವಾ ಸಾಮಾನ್ಯವಾಗಿ ಎರಡು ವರ್ಷದೊಳಗೆ ಔಪಚಾರಿಕ ವಿಚಾರಣೆ ಕೋರಬಹುದು. ವಿಚಾರಣೆ ಬಾಕಿಯಿರುವಾಗ ಮಗುವಿಗೆ ಸಿಗುತ್ತಿದ್ದ ಸೇವೆ ನಿಲ್ಲುವಂತಿಲ್ಲ. ಕೆಲಸ ಬದಲಾಗಿ ಡಲ್ಲಾಸ್‌ನಿಂದ ಸಿಯಾಟಲ್‌ಗೆ ಹೋದರೂ, ಅದೇ ಶಾಲಾ ವರ್ಷದಲ್ಲಿ ಹೊಸ ಜಿಲ್ಲೆ ತನ್ನ ಯೋಜನೆ ಸಿದ್ಧಪಡಿಸುವವರೆಗೆ ಹಳೆಯ ಐಇಪಿಗೆ ಸರಿಸಮನಾದ ಸೇವೆಯನ್ನು ಕೊಡಬೇಕು. ಆದುದರಿಂದ ಸಾಮಾನು ಕಟ್ಟುವಾಗ ಐಇಪಿಯ ಪ್ರತಿಯನ್ನು ಪಾಸ್‌ಪೋರ್ಟ್ ಇಡುವ ಚೀಲದಲ್ಲೇ ಇಡಿ.

ಕಾಲೇಜಿಗೆ ಕಾಲಿಟ್ಟ ದಿನ ಐಇಪಿ ಮುಗಿಯುತ್ತದೆ. ಅಲ್ಲಿ ಎಡಿಎ ಮತ್ತು 504 ಮಾತ್ರ, ಕೇಳಬೇಕಾದವರು ವಿದ್ಯಾರ್ಥಿಯೇ. ತಾಯಿ ಬರೆದ ಇಮೇಲ್‌ಗೆ ಅಂಗವೈಕಲ್ಯ ಸೇವಾ ಕಚೇರಿ ಉತ್ತರಿಸುವುದಿಲ್ಲ. ಹೈಸ್ಕೂಲಿನ ಕೊನೆಯ ಎರಡು ವರ್ಷ ಮಗುವೇ ಸಭೆಯಲ್ಲಿ ಮಾತನಾಡುವ ಅಭ್ಯಾಸ ಮಾಡಿಸುವುದು ಒಳ್ಳೆಯದು.

ಕೆಲಸ

ಎಡಿಎಯ ಮೊದಲನೆಯ ಭಾಗ 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕೆಲಸದ ಮುಖ್ಯ ಕರ್ತವ್ಯಗಳನ್ನು ಮಾಡಬಲ್ಲ ನೌಕರನಿಗೆ, ಅದಕ್ಕೆ ಬೇಕಾದ ಸಮಂಜಸ ಹೊಂದಾಣಿಕೆಯನ್ನು ಸಂಸ್ಥೆ ಮಾಡಿಕೊಡಬೇಕು. ತನಗೆ ಅತಿಯಾದ ಹೊರೆಯಾಗುತ್ತದೆಂದು ತೋರಿಸಬಲ್ಲಾಗ ಮಾತ್ರ ವಿನಾಯಿತಿ. ನೌಕರಿಯ ಆಹ್ವಾನ ಕೊಡುವ ಮೊದಲು ಆರೋಗ್ಯದ ಬಗ್ಗೆ ಪ್ರಶ್ನೆ ಕೇಳುವಂತಿಲ್ಲ, ಹಾಗಾಗಿ ಸಂದರ್ಶನದಲ್ಲಿ ನೀವಾಗಿಯೇ ಹೇಳುವ ಅಗತ್ಯವಿಲ್ಲ, ಸಂದರ್ಶನಕ್ಕೇ ಹೊಂದಾಣಿಕೆ ಬೇಕಿದ್ದ ಹೊರತು.

ಕೋರಿಕೆಯಲ್ಲಿ ಕಾನೂನಿನ ಹೆಸರು ಬರೆಯಲೇಬೇಕೆಂದಿಲ್ಲ. ವೈದ್ಯಕೀಯ ಕಾರಣದಿಂದ ಕೆಲಸದಲ್ಲಿ ಇಂಥ ಬದಲಾವಣೆ ಬೇಕೆಂದು ತಿಳಿಸಿದರೆ ಸಾಕು, ಮಾತುಕತೆ ಆರಂಭಿಸುವ ಹೊಣೆ ಸಂಸ್ಥೆಯ ಮೇಲೆ ಬೀಳುತ್ತದೆ. "ಬೆನ್ನುನೋವಿದೆ" ಎನ್ನುವುದಕ್ಕಿಂತ, "ಬೆನ್ನುಹುರಿಯ ತೊಂದರೆಯಿಂದ ಒಂದೇ ಸಮನೆ 40 ನಿಮಿಷಕ್ಕಿಂತ ಹೆಚ್ಚು ಕುಳಿತಿರಲಾರೆ, ಎತ್ತರ ಬದಲಿಸಬಹುದಾದ ಮೇಜು ಬೇಕು" ಎಂದು ಬರೆಯಿರಿ. ಯಾವ ತೊಂದರೆಗೆ ಯಾವ ಹೊಂದಾಣಿಕೆ ಕೇಳಬಹುದೆಂದು ತಿಳಿಯದಿದ್ದರೆ ಕಾರ್ಮಿಕ ಇಲಾಖೆಯ ನೆರವಿನಿಂದ ನಡೆಯುವ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಉಚಿತವಾಗಿ ಹೇಳಿಕೊಡುತ್ತದೆ. ನಿಮ್ಮ ವೈದ್ಯಕೀಯ ಮಾಹಿತಿಯನ್ನು ಸಾಮಾನ್ಯ ಕಡತದಿಂದ ಬೇರೆಯಾಗಿ, ಗೋಪ್ಯವಾಗಿ ಇಡಬೇಕು. ಕನ್ಸಲ್ಟಿಂಗ್ ಕಂಪನಿಯ ಮೂಲಕ ಬೇರೊಬ್ಬರ ಕಚೇರಿಯಲ್ಲಿ ದುಡಿಯುವವರು ಎರಡೂ ಕಡೆಗೆ ಬರೆಯಬೇಕು, ಇಬ್ಬರಿಗೂ ಹೊಣೆಯಿರಬಹುದು.

ಕೇಳಿದರೆ ಕೆಲಸ ಹೋದೀತು, ಎಚ್-1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಮಾತ್ರ ಈ ದೇಶದಲ್ಲಿ ಉಳಿಯಬಹುದು ಎಂಬ ಅಂಜಿಕೆ ಹುಸಿಯಲ್ಲ. ಕೇಳಿದ್ದಕ್ಕಾಗಿ ಶಿಕ್ಷಿಸುವುದನ್ನು ಎಡಿಎ ನಿಷೇಧಿಸಿದೆ, ಆದರೆ ನಿಷೇಧವಿದೆಯೆಂದು ಮನೆ ಬಾಡಿಗೆ ನಿಲ್ಲುವುದಿಲ್ಲ. ಅದಕ್ಕೇ ಕೋರಿಕೆಯ ದಿನಾಂಕಕ್ಕೆ ಇಷ್ಟು ಬೆಲೆ: ಮಾರ್ಚ್ 3ರವರೆಗೆ ಒಳ್ಳೆಯ ವರದಿಗಳು, ಅಂದು ಕೋರಿಕೆ, ಮಾರ್ಚ್ 20ಕ್ಕೆ ಮೊದಲ ಎಚ್ಚರಿಕೆ ಪತ್ರ ಎಂಬ ಸಾಲು ತಾನೇ ಮಾತನಾಡುತ್ತದೆ. ಸಮಾನ ಉದ್ಯೋಗಾವಕಾಶ ಆಯೋಗ, ಅಂದರೆ ಇಇಒಸಿಗೆ ದೂರು ಸಲ್ಲಿಸಲು 180 ದಿನ, ಅಂಥದೇ ಕಾನೂನು ಜಾರಿಗೊಳಿಸುವ ಸಂಸ್ಥೆಯಿರುವ ರಾಜ್ಯಗಳಲ್ಲಿ 300 ದಿನ. ಕಂಪನಿಯ ಒಳಗೆ ದೂರು ಕೊಟ್ಟು ಕಾಯುವುದರಿಂದ ಈ ಗಡಿಯಾರ ನಿಲ್ಲುವುದಿಲ್ಲ. ಇದರಲ್ಲಿ ಎಡವುವವರು ಬಹಳ. ಆಯೋಗ ಮೊಕದ್ದಮೆಗೆ ಅನುಮತಿಯ ಪತ್ರ ಕೊಟ್ಟ ಮೇಲೆ 90 ದಿನಗಳಲ್ಲಿ ನ್ಯಾಯಾಲಯಕ್ಕೆ ಹೋಗಬೇಕು.

ಅಂಗವಿಕಲ ಮಗುವಿದೆಯೆಂಬ ಕಾರಣಕ್ಕೆ ತಾಯಿಗೆ ಬಡ್ತಿ ತಪ್ಪಿಸುವುದು ಎಡಿಎ ಉಲ್ಲಂಘನೆ. ಆದರೆ ಮಗುವಿನ ಆರೈಕೆಗೆ ಸಮಯ ಕೇಳಲು ಎಡಿಎ ನೆರವಾಗದು, ಅದಕ್ಕೆ 1993ರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾಯ್ದೆ, ಅಂದರೆ ಎಫ್‌ಎಂಎಲ್‌ಎ ಇದೆ: 50 ನೌಕರರಿರುವ ಸಂಸ್ಥೆಯಲ್ಲಿ ಒಂದು ವರ್ಷ, 1,250 ಗಂಟೆ ದುಡಿದವರಿಗೆ ವರ್ಷಕ್ಕೆ 12 ವಾರ ವೇತನವಿಲ್ಲದ ರಜೆ. ತಂದೆತಾಯಿಯ ಆರೈಕೆಗೂ ಅದು ಸಿಗುತ್ತದೆ, ಅತ್ತೆ ಮಾವಂದಿರ ಆರೈಕೆಗೆ ಸಿಗುವುದಿಲ್ಲ. ಕೂಡು ಕುಟುಂಬದ ಸೊಸೆಯಂದಿರನ್ನು ಕೇಳಿ ಬರೆದ ಕಾನೂನಲ್ಲ ಅದು.

ಮನೆ, ವಿಮಾನ, ಆಸ್ಪತ್ರೆ

ವಸತಿಯಲ್ಲಿ ತಾರತಮ್ಯವನ್ನು ತಡೆಯುವ ಫೇರ್ ಹೌಸಿಂಗ್ ಕಾಯ್ದೆಗೆ 1988ರಲ್ಲಿ ಅಂಗವೈಕಲ್ಯ ಸೇರಿತು. ನಿಯಮ ಸಡಿಲಿಸಲು ಕೇಳಬಹುದು, ಉದಾಹರಣೆಗೆ ಬಾಗಿಲಿನ ಹತ್ತಿರದ ಪಾರ್ಕಿಂಗ್ ಜಾಗವನ್ನು ಅಮ್ಮನಿಗಾಗಿ ಮೀಸಲಿಡುವುದು. ಕಟ್ಟಡವನ್ನೂ ಬದಲಿಸಲು ಕೇಳಬಹುದು, ಸ್ನಾನದ ಮನೆಯಲ್ಲಿ ಹಿಡಿಕೋಲು ಹಾಕಿಸಿದಂತೆ. ಖಾಸಗಿ ಮನೆಯಾದರೆ ಈ ಎರಡನೆಯದರ ಖರ್ಚು ಬಾಡಿಗೆದಾರರದು. ಮಾಲೀಕರೇ ವಾಸಿಸುವ, ನಾಲ್ಕು ಅಥವಾ ಕಡಿಮೆ ಮನೆಗಳಿರುವ ಕಟ್ಟಡಕ್ಕೆ ಈ ಕಾನೂನಿನಿಂದ ಬಹುಪಾಲು ವಿನಾಯಿತಿ. ವಸತಿ ಇಲಾಖೆಗೆ ದೂರು ಕೊಡಲು ಒಂದು ವರ್ಷ, ನ್ಯಾಯಾಲಯಕ್ಕೆ ಎರಡು ವರ್ಷ.

ದೇವಸ್ಥಾನಗಳಿಗೆ, ಧಾರ್ಮಿಕ ಸಂಸ್ಥೆಗಳಾದ್ದರಿಂದ, ಸಾರ್ವಜನಿಕ ಸ್ಥಳಗಳ ಬಗೆಗಿನ ಎಡಿಎ ಭಾಗ ಅನ್ವಯಿಸುವುದಿಲ್ಲ. ರ‍್ಯಾಂಪ್ ಬೇಕಿದ್ದರೆ ಆಡಳಿತ ಸಮಿತಿಯನ್ನು ಒಲಿಸಿಕೊಳ್ಳಬೇಕು. ಕನ್ನಡ ಕೂಟ ರಾಜ್ಯೋತ್ಸವಕ್ಕೆ ಬಾಡಿಗೆಗೆ ಹಿಡಿದ ಹೋಟೆಲಿನ ಸಭಾಂಗಣಕ್ಕೆ ಮಾತ್ರ ಧಾರಾಳವಾಗಿ ಅನ್ವಯಿಸುತ್ತದೆ.

ಬೆಂಗಳೂರಿನಿಂದ ಬರುವ ಹಿರಿಯರಿಗೆ ಗಾಲಿಕುರ್ಚಿ ಕೇಳದ ಮನೆಯಿಲ್ಲ. ವಿಮಾನಯಾನಕ್ಕೆ 1986ರ ಏರ್ ಕ್ಯಾರಿಯರ್ ಆಕ್ಸೆಸ್ ಆಕ್ಟ್ ಇದೆ. ವಿದೇಶಿ ಕಂಪನಿಯ ವಿಮಾನವಾದರೆ ಅಮೆರಿಕದಲ್ಲಿ ಹೊರಡುವ ಅಥವಾ ಮುಗಿಯುವ ಹಾರಾಟಕ್ಕೆ ಅದು ಅನ್ವಯಿಸುತ್ತದೆ. ಆದ್ದರಿಂದ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ಎರಡನೆಯ ಹಾರಾಟಕ್ಕೇ ಅದನ್ನು ನೆಚ್ಚಿಕೊಳ್ಳಿ. ಸೇವೆಗೆ ಶುಲ್ಕವಿಲ್ಲ, ತಾವಾಗಿ ಕದಲಲಾಗದ ಕುರ್ಚಿಯಲ್ಲಿ ಪ್ರಯಾಣಿಕರನ್ನು 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ವಿಚಾರಿಸದಂತೆ ಬಿಡುವಂತಿಲ್ಲ. ಸ್ಥಳದಲ್ಲೇ ತಕರಾರಾದರೆ ವಿಮಾನ ಕಂಪನಿಯ ದೂರು ಪರಿಹಾರದ ಅಧಿಕಾರಿಯಾದ ಕಂಪ್ಲೇಂಟ್ಸ್ ರೆಸಲ್ಯೂಷನ್ ಅಫಿಷಿಯಲ್ ಅವರನ್ನು ಕರೆಯಿರಿ ಎನ್ನಬೇಕು; ಇದೇ ಹೆಸರನ್ನು ಹಿರಿಯರ ಬೋರ್ಡಿಂಗ್ ಪಾಸಿನ ಹಿಂದೆ ಬರೆದುಕೊಟ್ಟರೆ ತೋರಿಸಲು ಅನುಕೂಲ.

ಆಸ್ಪತ್ರೆಯಲ್ಲಿ ಕಿವುಡ ರೋಗಿಗೆ ಸಂಜ್ಞಾ ದುಭಾಷಿಯನ್ನು ನೀವೇ ಕರೆತನ್ನಿ ಎನ್ನುವಂತಿಲ್ಲ. ಭಾರತೀಯ ಸಂಜ್ಞಾಭಾಷೆ ಬೇರೆ, ಅಮೆರಿಕದ್ದು ಬೇರೆ ಎಂಬುದನ್ನು ಸಮಯ ಗೊತ್ತುಪಡಿಸುವಾಗಲೇ ತಿಳಿಸಿ, ಇಲ್ಲವಾದರೆ ಬಂದ ದುಭಾಷಿಯ ಕೈ ರೋಗಿಗೆ ಅರ್ಥವಾಗದು.

ಗ್ರೀನ್ ಕಾರ್ಡಿನ ನಂತರ ಪೌರತ್ವಕ್ಕೆ ಅರ್ಜಿ ಹಾಕುವ, ಮರೆಗುಳಿತನ ಅಥವಾ ಪಾರ್ಶ್ವವಾಯುವಿನಿಂದ ಹೊಸತನ್ನು ಕಲಿಯಲಾಗದ ಹಿರಿಯರಿಗೆ ಇಂಗ್ಲಿಷ್ ಮತ್ತು ಪೌರನೀತಿ ಪರೀಕ್ಷೆಯಿಂದ ವಿನಾಯಿತಿಯಿದೆ. ಎನ್-648 ನಮೂನೆಯನ್ನು ಅಮೆರಿಕದಲ್ಲಿ ಪರವಾನಗಿ ಪಡೆದ ವೈದ್ಯರೋ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರೋ ತುಂಬಬೇಕು. ಕಾಯಿಲೆಯ ಹೆಸರಷ್ಟೇ ಬರೆದ ನಮೂನೆ ತಿರಸ್ಕೃತವಾಗುವುದುಂಟು. ಆ ಕಾಯಿಲೆ ಕಲಿಕೆಯನ್ನು ಹೇಗೆ ತಡೆಯುತ್ತದೆಂದು ವಿವರಿಸುವಂತೆ ವೈದ್ಯರನ್ನು ಕೇಳಿಕೊಳ್ಳಿ.

ಕಾಸಿಲ್ಲದೆ ಸಿಗುವ ನೆರವು

ಪ್ರತಿ ರಾಜ್ಯದಲ್ಲಿಯೂ ಫೆಡರಲ್ ಅನುದಾನದ ಎರಡು ಬಗೆಯ ಸಂಸ್ಥೆಗಳಿವೆ. ಅಂಗವಿಕಲರ ಪರವಾಗಿ ಕಾನೂನು ಸಹಾಯ ನೀಡುವ ಪ್ರೊಟೆಕ್ಷನ್ ಅಂಡ್ ಅಡ್ವೊಕಸಿ ಸಂಸ್ಥೆ ಒಂದು, ಐಇಪಿಯ ಬಗ್ಗೆ ತಂದೆತಾಯಿಗೆ ತರಬೇತಿ ಕೊಡುವ ಪೇರೆಂಟ್ ಸೆಂಟರ್ ಇನ್ನೊಂದು. ಎರಡನೆಯದಕ್ಕೆ ಮೊದಲ ಐಇಪಿ ಸಭೆಗೆ ಮುಂಚೆಯೇ ಕರೆ ಮಾಡಿ, ಸಭೆ ಕೆಟ್ಟ ಮೇಲಲ್ಲ. ಎಡಿಎ ಕುರಿತ ಸಾಮಾನ್ಯ ಪ್ರಶ್ನೆಗಳಿಗೆ ನ್ಯಾಯ ಇಲಾಖೆಯ ಉಚಿತ ದೂರವಾಣಿ 800-514-0301. ವಕೀಲರ ಹಂತಕ್ಕೆ ಹೋದರೆ, ಐಡಿಇಎ ಪ್ರಕರಣದಲ್ಲಿ ಗೆದ್ದ ತಂದೆತಾಯಿಗೆ ವಕೀಲರ ಶುಲ್ಕವನ್ನು ಜಿಲ್ಲೆಯಿಂದ ಕೊಡಿಸಬಹುದು, ಆದರೆ ಸಾಕ್ಷಿ ಹೇಳಿದ ತಜ್ಞರ ಶುಲ್ಕ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪು ಕೊಟ್ಟಿದೆ. ಖರ್ಚಿನ ಅಂದಾಜು ಹಾಕುವಾಗ ಆ ಮೊತ್ತವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಫೋನಿನಲ್ಲಿ ಅಥವಾ ಶಾಲೆಯ ಗೇಟಿನ ಬಳಿ ಏನಾದರೂ ಮಾತಾದರೆ ಅಂದೇ ಸಂಜೆ ಎರಡು ಸಾಲಿನ ಇಮೇಲ್ ಕಳುಹಿಸಿ: "ಇಂದು ಮಾತನಾಡಿದ್ದಕ್ಕೆ ಧನ್ಯವಾದ. ಮುಂದಿನ ಶುಕ್ರವಾರದೊಳಗೆ ನಮೂನೆ ಕಳುಹಿಸುವುದಾಗಿ ತಾವು ಹೇಳಿದಿರಿ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ." ಶುಕ್ರವಾರ ನಮೂನೆ ಬರದಿದ್ದರೆ ಸೋಮವಾರ ಅದೇ ಇಮೇಲ್‌ಗೆ ಉತ್ತರವಾಗಿ ಮತ್ತೊಂದು ಸಾಲು ಬರೆಯಿರಿ.